ಬಣ್ಣ ಬಳಿಯುವ ಮುನ್ನ

ಅವರು ಮೊದಲು ಮಾಡಿದ ಕೆಲಸ, ಕಾರಿನೊಳಗಿನ ಮ್ಯಾಟುಗಳನ್ನು ಎತ್ತಿ ಹೊರಗಿಟ್ಟು ಅಲ್ಲಿ ಹಳೆಯ ಪತ್ರಿಕೆ ಹಾಸಿದ್ದು. ಆಮೇಲೆ ಪ್ಲಾಸ್ಟಿಕ್ ಜಗ್ಗಿನ ತುಂಬ ನೀರು ಹಿಡಿದು ತಂದರು. ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಇರುವ ಜಾಲರಿಯ ಮೇಲೆ, ತುಳಸಿಗೆ ನೀರೆರೆಯುವಷ್ಟು ನಿಧಾನವಾಗಿ ಸುರಿದರು. ‘ಈಗ ಒಳಗೆ ನೋಡಿ’ ಅಂದರು. ಬಾಗಿಲು ತೆಗೆದು ಬಗ್ಗಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಅಡಿಯಿಂದ ಒಂದು ಹನಿ, ಅದರ ಹಿಂದೆ ಇನ್ನೊಂದು, ಕೊನೆಗೆ ದಾರವಾಗಿ ಇಳಿಯಿತು. ಪತ್ರಿಕೆಯ ಮೇಲೆ ಬಿದ್ದ ನೀರಿಗೆ ಚಹಾದ ಬಣ್ಣ.

ಕಾರು 1966ರ ಫೋರ್ಡ್ ಮಸ್ಟ್ಯಾಂಗ್, ನನ್ನದೇ. ಹೊರಗಿನಿಂದ ನೋಡಿದರೆ ಅದರ ಕೆಂಪು ಬಣ್ಣದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಆ ಬಣ್ಣಕ್ಕೆ ಎಂಟು ತಿಂಗಳ ಹಿಂದಷ್ಟೇ ಇನ್ನೊಂದು ಗ್ಯಾರೇಜಿನಲ್ಲಿ ದುಡ್ಡು ಸುರಿದಿದ್ದೆ. ಅದರ ಹೆಸರು ಇಲ್ಲಿ ಬೇಡ. ಬೋರ್ಡು ದೊಡ್ಡದಿತ್ತು, ಕಾಫಿ ಚೆನ್ನಾಗಿತ್ತು, ‘ತುಕ್ಕನ್ನೆಲ್ಲ ತೆಗೆದಿದ್ದೇವೆ’ ಎಂಬ ಭರವಸೆಯೂ ಇತ್ತು. ಡೆಟ್ರಾಯಿಟ್ ಪಕ್ಕದ ಊರಿನಲ್ಲಿ, ಕಾರು ಉದ್ಯಮದಲ್ಲೇ ಇಪ್ಪತ್ತು ವರ್ಷ ದುಡಿದವನು ನಾನು. ಆದರೆ ನನ್ನ ದುಡಿಮೆಯೆಲ್ಲ ಕಂಪ್ಯೂಟರ್ ಪರದೆಯ ಮೇಲಿನ ಕಾರಿನದು. ಅರವತ್ತು ವರ್ಷದ ತಗಡಿನ ಬುದ್ಧಿ ನನಗೆ ಗೊತ್ತಿರಲಿಲ್ಲ.

ಈ ಎರಡನೇ ಗ್ಯಾರೇಜಿನ ಯಜಮಾನರು ಜಗ್ಗು ಕೆಳಗಿಟ್ಟು ಹೇಳಿದ್ದು ಇಷ್ಟೇ: ‘ಬಣ್ಣ ಚೆನ್ನಾಗಿ ಹೊಡೆದಿದ್ದಾರೆ. ಕೆಲಸ ಇರುವುದು ಅದರ ಕೆಳಗೆ.’

ನಮ್ಮಜ್ಜಿ ಒಡವೆ ಮುರಿಸಿ ಮಾಡಿಸುವಾಗ, ಚಿನ್ನ ಕರಗಿ ಮುಗಿಯುವ ತನಕ ಅಕ್ಕಸಾಲಿಗರ ಎದುರಿಗೇ ಕೂತಿರುತ್ತಿದ್ದಳು. ಕೂರಲು ಮಣೆ ಹಾಕಿ ಕೊಡುವವರ ಬಳಿಗೇ ಮತ್ತೆ ಮತ್ತೆ ಹೋಗುತ್ತಿದ್ದಳು. ಹಳೆಯ ಅಮೆರಿಕನ್ ಕಾರನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಪ್ರಶ್ನೆಗೂ ಅಜ್ಜಿಯ ಲೆಕ್ಕವೇ ಸರಿಯಾದ ಉತ್ತರ ಎಂದು ತಿಳಿಯಲು ನನಗೆ ಎರಡು ಗ್ಯಾರೇಜು ಬೇಕಾದವು.

ಉಪ್ಪು ತಿಂದ ಕಾರು

ಮಸ್ಟ್ಯಾಂಗ್ ಬಿಡುಗಡೆಯಾದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಆರಂಭದ ಬೆಲೆ 2,368 ಡಾಲರ್. ಗುಮಾಸ್ತರು, ಮೇಷ್ಟರು, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯರು ಕೊಳ್ಳಬಹುದಾದ ಚೆಂದದ ಕಾರು. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರುಗಳು ತಯಾರಾದವು. ಅಗ್ಗಕ್ಕೆ, ಅವಸರಕ್ಕೆ ಮಾಡಿದ ಆ ಕಾರು ಅಜ್ಜನಾಗುವ ತನಕ ಬಾಳೀತೆಂದು ಯಾರೂ ಎಣಿಸಿರಲಿಲ್ಲ.

ಗಾಜಿನ ಬುಡದ ಜಾಲರಿಯ ಕೆಳಗೆ ತಗಡಿನ ಉದ್ದನೆಯ ತೊಟ್ಟಿಯೊಂದಿದೆ. ಅದಕ್ಕೆ ಕೌಲ್ ಎಂದು ಹೆಸರು. ಕಾರಿನೊಳಕ್ಕೆ ಹೊರಗಾಳಿ ಹೋಗುವುದು ಇದರ ಮೂಲಕ. ತೊಟ್ಟಿಯ ತಳದಲ್ಲಿ ಎರಡು ಗಾಳಿಕಂಡಿಗಳು. ಮಳೆನೀರು ಅವುಗಳೊಳಗೆ ಇಳಿಯದಂತೆ ಸುತ್ತಲೂ ಎತ್ತರಿಸಿದ ಅಂಚು. ನೀರು ಎರಡೂ ಬದಿಗೆ ಹರಿದು, ಮುಂದಿನ ಮಡ್‌ಗಾರ್ಡಿನ ಒಳಗಿನಿಂದ ನೆಲಕ್ಕೆ ಇಳಿಯಬೇಕೆಂಬುದು ಫೋರ್ಡ್ ಎಂಜಿನಿಯರುಗಳ ಎಣಿಕೆ. ಆದರೆ ಮರದಡಿ ನಿಂತ ಕಾರಿನ ಜಾಲರಿಯೊಳಗೆ ಎಲೆಗಳು ತೂರುತ್ತವೆ. ಅಲ್ಲೇ ಕೊಳೆತು ತೇವ ಹಿಡಿದಿಡುತ್ತವೆ. ಅಂಚಿನ ಬುಡ ತುಕ್ಕು ಹಿಡಿದು ತೂತಾಗುತ್ತದೆ. ಅಲ್ಲಿಂದ ತೊಟ್ಟಿಕ್ಕಿದ ನೀರು ಕಾರ್ಪೆಟ್ಟಿನ ಅಡಿ ನಿಂತು ಕಾರಿನ ನೆಲವನ್ನೂ ತಿನ್ನುತ್ತದೆ.

ತೊಟ್ಟಿಯನ್ನು ವೆಲ್ಡ್ ಮಾಡಿ ಮುಚ್ಚಿರುವುದರಿಂದ ಕೈ ಹಾಕಿ ಉಜ್ಜಲೂ ಬಾರದು. ಸರಿಯಾಗಿ ಮಾಡಬೇಕೆಂದರೆ ಮಡ್‌ಗಾರ್ಡ್, ಬಾನೆಟ್, ಗಾಜು ಎಲ್ಲ ಇಳಿಸಿ, ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಡ್ರಿಲ್ ಹಾಕಿ ಬಿಡಿಸಿ, ಮೇಲಿನ ತಗಡನ್ನು ಎತ್ತಿ, ಕೊಳೆತದ್ದನ್ನು ಕತ್ತರಿಸಿ ಹೊಸದನ್ನು ಕೂರಿಸಬೇಕು. ಅಡ್ಡದಾರಿಯೂ ಇದೆ: ಜಾಲರಿಯ ಮೂಲಕ ಸೀಲರ್ ಸುರಿದು, ಮೇಲೆ ಹೊಳೆಯುವ ಬಣ್ಣ ಹೊಡೆದು ಕಾರು ಕೊಟ್ಟುಬಿಡುವುದು. ನನ್ನ ಕಾರಿಗೆ ಆಗಿದ್ದು ಅದೇ.

ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಚೆಲ್ಲುವುದು ಇಂಥ ಗಣಿಯ ಉಪ್ಪನ್ನೇ. ಮೇಲೆ ಕಾರು ಕಟ್ಟುವ ಊರು, ಕೆಳಗೆ ಕಾರು ತಿನ್ನುವ ಉಪ್ಪು. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕೆಂಬ ಗಾದೆ ಈ ಸೀಮೆಯ ಹಳೆಯ ಕಾರುಗಳಿಗೆ ಅಕ್ಷರಶಃ ಅನ್ವಯ. ಅರಿಜೋನಾ, ಕ್ಯಾಲಿಫೋರ್ನಿಯಾದ ಒಣಹವೆಯಲ್ಲಿ ಬಾಳಿದ ಕಾರಿಗೆ ಇಲ್ಲಿ ಸುಮ್ಮನೆ ಹೆಚ್ಚು ಬೆಲೆ ಬರುವುದಿಲ್ಲ.

ಯಾವ ಬಗೆಯ ಜೀರ್ಣೋದ್ಧಾರ?

ರೆಸ್ಟೊರೇಷನ್ ಎಂಬ ಮಾತಿಗೆ ನಮ್ಮಲ್ಲಿ ಹತ್ತಿರದ ಪದ ಜೀರ್ಣೋದ್ಧಾರ. ಆ ಹೆಸರಿನಲ್ಲಿ ಹಳೆಯ ಕಲ್ಲುಕಂಬಕ್ಕೆ ಎನಾಮೆಲ್ ಪೇಂಟ್ ಬಳಿದು, ನೆಲಕ್ಕೆ ಟೈಲ್ಸ್ ಹಾಕಿದ ಗುಡಿಗಳನ್ನೂ ಕಂಡಿದ್ದೇವೆ. ಮಾಡಿಸುವವರಿಗೂ ಮಾಡುವವರಿಗೂ ಆ ಪದದ ಅರ್ಥ ಬೇರೆಬೇರೆಯಾಗಿದ್ದರೆ ಜಗಳ ಅಲ್ಲೇ ಶುರು. ಗ್ಯಾರೇಜು ಹುಡುಕುವ ಮೊದಲು ನಮಗೇನು ಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳುವುದು ಅದಕ್ಕೇ.

ಒಂದು, ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಕಾರು. ಭದ್ರವಾಗಿರಬೇಕು, ನೋಡಲು ಲಕ್ಷಣವಾಗಿರಬೇಕು, ಅಷ್ಟು ಸಾಕು. ಎರಡು, ಸ್ಪರ್ಧೆಯ ಕಾರು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುತ್ತಿರುವಂಥ ಪ್ರದರ್ಶನಗಳ ತೀರ್ಪುಗಾರರು ಬೋಲ್ಟಿನ ತಲೆಯನ್ನೂ ಬಿಡದೆ ನೋಡುತ್ತಾರೆ. ಕಾರ್ಖಾನೆಯಲ್ಲಿ ತಪಾಸಣೆಯವರು ಬಳಪದಲ್ಲಿ ಗೀಚಿದ ಗುರುತನ್ನು ಕೂಡ ಮತ್ತೆ ಗೀಚಿಸುವ ಮಾಲೀಕರಿದ್ದಾರೆ. ಮೂರು, ರೆಸ್ಟೊಮಾಡ್: ಮೈ ಹಳೆಯದು, ಒಳಗೆ ಹೊಸ ಎಂಜಿನ್, ಡಿಸ್ಕ್ ಬ್ರೇಕ್, ಎಸಿ. ನಾಲ್ಕನೆಯದು ಏನನ್ನೂ ಮಾಡದಿರುವುದು: ಮೂಲ ಬಣ್ಣ, ಮೂಲ ಸೀಟು ಉಳಿದಿದ್ದರೆ ತೊಳೆದು, ಒರೆಸಿ, ಕಾಪಾಡುವುದಷ್ಟೇ. ಒರಿಜಿನಲ್ ಎಂಬುದು ಒಂದು ಕಾರಿಗೆ ಒಂದೇ ಸಲ ಎಂಬ ಮಾತು ಇಲ್ಲಿನ ಹಳೆಯ ಕಾರಿನ ಮಂದಿಯ ಬಾಯಲ್ಲಿದೆ. ‘ನಿಮ್ಮ ಕಾರಿಗೆ ಅಷ್ಟೆಲ್ಲ ಬೇಡ’ ಎಂದು ಬಂದ ಕೆಲಸವನ್ನು ಕಡಿಮೆ ಮಾಡಿಕೊಳ್ಳುವ ಗ್ಯಾರೇಜು ಸಿಕ್ಕರೆ ಅದರ ವಿಳಾಸ ಬರೆದಿಟ್ಟುಕೊಳ್ಳಿ.

ಒಬ್ಬರ ಕೈಕೆಲಸವಲ್ಲ

ಹಳೆಯ ಅಮೆರಿಕನ್ ಕಾರುಗಳೆಲ್ಲ ಒಂದೇ ಜಾತಿಯವಲ್ಲ. 1955ರ ಶೆವರ್ಲೆ ಬೆಲ್ ಏರ್‌ಗೆ ಪ್ರತ್ಯೇಕ ಚಾಸಿ ಇದೆ, ಬಾಡಿಯನ್ನು ಅದರ ಮೇಲಿಂದ ಎತ್ತಿ ಪಕ್ಕಕ್ಕಿಡಬಹುದು. ಮಸ್ಟ್ಯಾಂಗಿಗೆ ಅಂಥ ಚಾಸಿಯೇ ಇಲ್ಲ. ಬಾಡಿಯೇ ಅದರ ಬೆನ್ನೆಲುಬು. ಹಾಗಾಗಿ ‘ನಿಮ್ಮ ಮಸ್ಟ್ಯಾಂಗನ್ನು ಚಾಸಿಯಿಂದ ಎತ್ತಿ ಮಾಡಿಕೊಡುತ್ತೇವೆ’ ಎನ್ನುವವರಿಗೆ ದೂರದಿಂದಲೇ ಕೈಮುಗಿಯಬಹುದು. ಕಾರ್ವೆಟ್ ಕಾರಿನದು ಇನ್ನೊಂದು ಕಥೆ. 1953ರಲ್ಲಿ ಹುಟ್ಟಿದಾಗಿನಿಂದ ಅದರ ಮೈ ಫೈಬರ್‌ಗ್ಲಾಸಿನದು, ತಗಡು ಬಡಿಯುವವರಿಗೆ ಅಲ್ಲಿ ಕೆಲಸವಿಲ್ಲ. 1958ರಲ್ಲೇ ನಿಂತುಹೋದ ಪ್ಯಾಕರ್ಡ್‌ನಂಥ ಕಾರಾದರೆ ಎಷ್ಟೋ ಬಿಡಿಭಾಗಗಳನ್ನು ಕೈಯಲ್ಲೇ ಮಾಡಿಕೊಳ್ಳಬೇಕು. ಮಸ್ಟ್ಯಾಂಗಿನವರು ಪುಣ್ಯವಂತರು: ಬಾಗಿಲ ರಬ್ಬರಿನಿಂದ ಹಿಡಿದು ಎಲ್ಲವೂ ಹೊಸದಾಗಿ ಸಿಗುತ್ತವೆ. 2011ರಲ್ಲಿ ಫೋರ್ಡ್ ಒಪ್ಪಿಗೆಯೊಂದಿಗೆ, ಹಳೆಯ ಕನ್ವರ್ಟಿಬಲ್ ಮಾದರಿಯ ಇಡೀ ಬಾಡಿಯೇ ಹೊಸದಾಗಿ ಮಾರಾಟಕ್ಕೆ ಬಂತು.

ಒಂದೇ ಸೂರಿನಡಿ ಎಲ್ಲ ಕೆಲಸ ಮಾಡುವ ಗ್ಯಾರೇಜು ಅಪರೂಪ. ಟಿಂಕರಿಂಗ್, ಪೇಂಟಿಂಗ್ ಒಬ್ಬರದು. ಎಂಜಿನ್ ಬೋರಿಂಗಿಗೆ ಮಷೀನ್ ಶಾಪ್. ಸೀಟಿಗೆ ಕುಶನ್ ಕೆಲಸದವರು. ಬಂಪರಿನ ಹೊಳಪಿಗೆ ಪ್ಲೇಟಿಂಗಿನವರು: ಮೊದಲು ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಕ್ರೋಮ್ ತೊಟ್ಟಿಯ ರಾಸಾಯನಿಕ ಕ್ಯಾನ್ಸರ್ ತರುವಂಥದ್ದು, ಪರಿಸರದ ಕಾನೂನು ಬಿಗಿಯಾದಂತೆ ಎಷ್ಟೋ ಅಂಗಡಿಗಳು ಬಾಗಿಲು ಹಾಕಿವೆ. ಉಳಿದವರ ಹತ್ತಿರ ಸರದಿ ಉದ್ದ. ಯಾವ ಕೆಲಸ ಹೊರಗೆ ಹೋಗುತ್ತದೆ, ಯಾರ ಹತ್ತಿರ ಹೋಗುತ್ತದೆ, ಕೆಟ್ಟರೆ ಹೊಣೆ ಯಾರದು ಎಂದು ಮೊದಲೇ ಕೇಳಬೇಕು. ಹೊರಗೆ ಕೊಡುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ನಮ್ಮೂರ ಕಡೆ ಫಾರ್ಗೋ ಲಾರಿ, ಡಾಡ್ಜ್ ವಾಹನಗಳನ್ನು ಗುಜರಿಯ ಸಾಮಾನಿನಲ್ಲೇ ದಶಕಗಟ್ಟಲೆ ಓಡಿಸಿದ ಮೇಸ್ತ್ರಿಗಳಿದ್ದರು. ಅವೂ ಅಮೆರಿಕದ ಕ್ರೈಸ್ಲರ್ ಬಳಗದ ಹೆಸರುಗಳೇ. ಅಂಥ ಕೈಗಳು ಅಲ್ಲಿಯ ಹಾಗೆ ಇಲ್ಲೂ ಕಡಿಮೆಯಾಗುತ್ತಿವೆ. ಕ್ಯಾನ್ಸಾಸ್ ರಾಜ್ಯದ ಮ್ಯಾಕ್‌ಫರ್ಸನ್ ಕಾಲೇಜಿನಲ್ಲಿ ಮಾತ್ರ ಹಳೆಯ ಕಾರುಗಳ ಜೀರ್ಣೋದ್ಧಾರಕ್ಕೇ ನಾಲ್ಕು ವರ್ಷದ ಪದವಿಯಿದೆ. 1976ರಲ್ಲಿ ಶುರುವಾದ ಈ ವಿಭಾಗದಲ್ಲಿ ತಗಡು, ಬಣ್ಣ, ಎಂಜಿನ್, ಕುಶನ್ ಎಲ್ಲವನ್ನೂ ಕಲಿಸುತ್ತಾರೆ. ಅಲ್ಲಿನ ವಿದ್ಯಾರ್ಥಿಗಳು ಸಜ್ಜುಗೊಳಿಸಿದ 1953ರ ಮರ್ಸಿಡಿಸ್ ಬೆಂಜ್, 2023ರಲ್ಲಿ ಪೆಬಲ್ ಬೀಚ್‌ನಲ್ಲಿ ತನ್ನ ವರ್ಗದಲ್ಲಿ ಎರಡನೇ ಸ್ಥಾನ ಪಡೆಯಿತು.

ಯಾರನ್ನು ಕೇಳುವುದು?

ಜಾಹೀರಾತು ನೋಡಿ ಗ್ಯಾರೇಜು ಹಿಡಿಯುವುದು ಫೋಟೊ ನೋಡಿ ಗಂಡು ಒಪ್ಪಿದ ಹಾಗೆ. ನಾನು ಮೊದಲ ಸಲ ಮಾಡಿದ್ದು ಅದನ್ನೇ. ಎರಡನೇ ಸಲ ಕಾರಿನ ಮಂದಿ ಸೇರುವ ಕಡೆ ಹೋದೆ. 1995ರಿಂದ ಆಗಸ್ಟಿನ ಮೂರನೇ ಶನಿವಾರ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ಹಳೆಯ ಕಾರುಗಳ ಜಾತ್ರೆಯಾಗುತ್ತದೆ. ರಸ್ತೆಯ ಎರಡೂ ಬದಿ ಮಡಿಸುವ ಕುರ್ಚಿ ಹಾಕಿಕೊಂಡು ಜನ ದಿನವಿಡೀ ಕೂತಿರುತ್ತಾರೆ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಪ್ರತಿ ಅಕ್ಟೋಬರಿನಲ್ಲಿ ಬಿಡಿಭಾಗಗಳ ದೊಡ್ಡ ಸಂತೆ ನಡೆಯುತ್ತದೆ. ನಡೆಸುವುದು 1935ರಲ್ಲಿ ಹುಟ್ಟಿದ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ. ಮಸ್ಟ್ಯಾಂಗಿನವರಿಗೇ 1976ರಿಂದ ಒಂದು ಕ್ಲಬ್ಬಿದೆ, ಊರೂರಲ್ಲಿ ಶಾಖೆಗಳಿವೆ.

ಅಲ್ಲಿ ಕೇಳಬೇಕಾದ ಪ್ರಶ್ನೆ ‘ಯಾರು ಮಾಡಿದ್ದು?’ ಎಂಬುದೊಂದೇ ಅಲ್ಲ, ‘ಮಾಡಿಸಿ ಎಷ್ಟು ವರ್ಷವಾಯಿತು?’ ಎಂಬುದೂ ಹೌದು. ಹೊಸ ಬಣ್ಣ ಎಲ್ಲರದ್ದೂ ಹೊಳೆಯುತ್ತದೆ. ಒಳಗೆ ಉಳಿದ ತುಕ್ಕು ಗುಳ್ಳೆಯಾಗಿ ಏಳುವುದಕ್ಕೆ, ದಪ್ಪಗೆ ಮೆತ್ತಿದ ಪುಟ್ಟಿ ಬಿರುಕು ಬಿಡುವುದಕ್ಕೆ ಎರಡು ಮೂರು ಚಳಿಗಾಲ ಬೇಕು. ಐದು ವರ್ಷದ ಹಿಂದಿನ ಗಿರಾಕಿಯ ಮಾತಿಗೆ ಹೋದ ತಿಂಗಳ ಗಿರಾಕಿಯ ಮಾತಿಗಿಂತ ತೂಕ ಹೆಚ್ಚು.

ಇನ್ನೊಂದು ಒಳದಾರಿಯನ್ನು ಕ್ಲಬ್ಬಿನ ಹಿರಿಯರೊಬ್ಬರು ತೋರಿಸಿದರು. ಗ್ಯಾರೇಜಿನವರ ಬಗ್ಗೆ ಗಿರಾಕಿಗಳಿಗಿಂತ ಚೆನ್ನಾಗಿ ಬಲ್ಲವರು ಅವರಿಗೆ ಸಾಮಾನು ಕೊಡುವವರು: ಪೇಂಟ್ ಅಂಗಡಿಯವರು, ಮಷೀನ್ ಶಾಪಿನವರು, ಕುಶನ್ ಕೆಲಸದವರು. ಯಾರು ಒಳ್ಳೆಯ ಪ್ರೈಮರ್ ಒಯ್ಯುತ್ತಾರೆ, ಯಾರು ಅಗ್ಗದ್ದನ್ನೇ ಕೇಳುತ್ತಾರೆ, ಯಾರ ಬಾಕಿ ಬೆಳೆಯುತ್ತಿದೆ ಎಂಬುದು ಅವರ ಖಾತೆ ಪುಸ್ತಕದಲ್ಲಿರುತ್ತದೆ. ನನ್ನ ಎರಡನೇ ಗ್ಯಾರೇಜನ್ನು ಸೂಚಿಸಿದವರು ಒಬ್ಬ ಕುಶನ್ ಕೆಲಸದವರು. ಅದಕ್ಕೆ ಬೋರ್ಡೇ ಇರಲಿಲ್ಲ.

ದೂಳಿನ ಲೆಕ್ಕ

ಗ್ಯಾರೇಜಿಗೆ ಹೋದಾಗ ಮುಗಿದ ಕಾರನ್ನು ನೋಡುತ್ತ ನಿಲ್ಲಬಾರದು. ಅರ್ಧ ಬಿಚ್ಚಿದ ಕಾರುಗಳನ್ನು ನೋಡಬೇಕು. ಅವುಗಳ ಮೇಲೆ ದೂಳು ಎಷ್ಟು ದಪ್ಪ ಕೂತಿದೆ? ಬೆರಳಲ್ಲಿ ಹೆಸರು ಬರೆಯುವಷ್ಟು ಇದ್ದರೆ ಆ ಕಾರಿನ ದುಡ್ಡು ಇನ್ನೊಂದು ಕಾರಿಗೆ ಖರ್ಚಾಗಿದೆ ಎಂದು ಅನುಮಾನಿಸಬಹುದು. ಬಿಚ್ಚಿದ ಸ್ಕ್ರೂ, ಕ್ಲಿಪ್ಪುಗಳು ಎಲ್ಲಿವೆ? ಚೀಟಿ ಅಂಟಿಸಿದ ಚೀಲಗಳಲ್ಲೋ, ಒಂದೇ ಡಬ್ಬದಲ್ಲೋ? ಕಾರು ಬಿಚ್ಚಲು ಒಂದು ವಾರ ಸಾಕು. ಯಾವ ಬೋಲ್ಟು ಎಲ್ಲಿಯದು ಎಂದು ಎರಡು ವರ್ಷದ ನಂತರ ನೆನಪಿಡುವುದು ಮನುಷ್ಯನಿಂದಾಗದು.

ಆಮೇಲೆ ಒಂದೆರಡು ಪ್ರಶ್ನೆ. ‘ನೆಲದ ತಗಡು ಕತ್ತರಿಸುವ ಮೊದಲು ಏನು ಮಾಡುತ್ತೀರಿ?’ ಮಸ್ಟ್ಯಾಂಗ್ ಗೊತ್ತಿದ್ದವರು ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿ ಬಿಗಿಯುತ್ತೇವೆ ಎನ್ನುತ್ತಾರೆ. ಹಾಗೆ ಮಾಡದಿದ್ದರೆ ಬಾಡಿ ನಡುವಿನಲ್ಲಿ ಜಗ್ಗಿ, ಮುಂದೆ ಬಾಗಿಲು ಸರಿಯಾಗಿ ಮುಚ್ಚುವುದೇ ಇಲ್ಲ. ಕನ್ವರ್ಟಿಬಲ್ ಆದರಂತೂ ಹೆಚ್ಚು ಅಪಾಯ. ಜೇಬಿನಲ್ಲೊಂದು ಚಿಕ್ಕ ಅಯಸ್ಕಾಂತವಿರಲಿ. ಅವರು ಮುಗಿಸಿದ ಕಾರಿನ ಬಾಗಿಲ ಕೆಳಗಿನ ಅಂಚಿಗೆ, ಚಕ್ರದ ಮೇಲಿನ ಕಮಾನಿಗೆ ಬಟ್ಟೆ ಸುತ್ತಿ ಹಿಡಿದು ನೋಡಿ. ಎಳೆಯದಿದ್ದರೆ ಅಲ್ಲಿ ಪುಟ್ಟಿಯ ಪದರ ದಪ್ಪ. ಹೀಗೆ ನೋಡುವುದಕ್ಕೆ ಮುಖ ಗಂಟಿಕ್ಕುವವರೂ ಉಂಟು. ಅದೂ ಒಂದು ಉತ್ತರವೇ.

ಬಲ್ಲವರು ಕೆಲಸಕ್ಕೆ ಕೈ ಹಾಕುವ ಮೊದಲು ಕಾರಿನ ನಂಬರನ್ನೂ ಓದುತ್ತಾರೆ. 1966ರ ಮಸ್ಟ್ಯಾಂಗಿನ ನಂಬರಿನಲ್ಲಿ ಮೊದಲ ಅಂಕಿ ಮಾದರಿಯ ವರ್ಷ. ಮುಂದಿನ ಅಕ್ಷರ ಎಫ್ ಆದರೆ ಡಿಯರ್‌ಬಾರ್ನ್ ಕಾರ್ಖಾನೆ, ಆರ್ ಆದರೆ ಸ್ಯಾನ್ ಹೋಸೆ, ಟಿ ಆದರೆ ನ್ಯೂಜೆರ್ಸಿಯ ಮೆಟಚೆನ್. ಆಮೇಲೆ ಬಾಡಿಯ ಬಗೆ, ಅದರ ಪಕ್ಕದಲ್ಲಿ ಎಂಜಿನ್ನಿನ ಅಕ್ಷರ. ಸಿ ಅಂದರೆ 200 ಅಶ್ವಶಕ್ತಿಯ ಸಾಮಾನ್ಯ ವಿ8, ಕೆ ಅಂದರೆ 271 ಅಶ್ವಶಕ್ತಿಯದು. ಈ ಒಂದು ಅಕ್ಷರದಿಂದ ಬೆಲೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಬಾಗಿಲ ಮೇಲಿನ ಫಲಕವನ್ನು ಹೊಸದಾಗಿ ಮಾಡಿಸಿಕೊಳ್ಳಬಹುದು. ಅದಕ್ಕೇ ಯಜಮಾನರು ಬಾನೆಟ್ ಎತ್ತಿ, ಒಳಗಿನ ತಗಡಿನ ಮೇಲೆ ಅಚ್ಚೊತ್ತಿದ ನಂಬರನ್ನು ಟಾರ್ಚ್ ಬಿಟ್ಟು ಓದಿದರು. ನನ್ನದು ಸಿ. ‘ಒಳ್ಳೆಯದು, ನೆಮ್ಮದಿಯಾಗಿ ಓಡಿಸಬಹುದು’ ಅಂದರು.

ದುಡ್ಡು, ಕಾಗದ

ಲೆಕ್ಕ ಹೀಗೆ. ಗಂಟೆಗೆ 100 ಡಾಲರ್ ಕೂಲಿ ಎಂದಿಟ್ಟುಕೊಳ್ಳಿ. ಪೂರ್ತಿ ಬಿಚ್ಚಿ ಕಟ್ಟುವ ಕೆಲಸ 1,000 ಗಂಟೆ ದಾಟುವುದು ಮಾಮೂಲು. ಬಿಡಿಭಾಗ ಬಿಟ್ಟೇ ಒಂದು ಲಕ್ಷ ಡಾಲರ್ ಆಯಿತು. ನನ್ನಂಥವರ ಸಾಧಾರಣ ಮಸ್ಟ್ಯಾಂಗ್ ಎಷ್ಟೇ ಮಿಂಚಿದರೂ ಅಷ್ಟಕ್ಕೆ ಮಾರಾಟವಾಗದು. ಲಾಭದ ಆಸೆಯಿಂದ ಇದಕ್ಕೆ ಇಳಿಯುವವರಿಗೆ ಇದನ್ನು ಮೊದಲೇ ಹೇಳುವ ಗ್ಯಾರೇಜು ನಂಬಿಕಸ್ಥರದು.

ಇಡೀ ಕೆಲಸಕ್ಕೆ ಒಂದೇ ಗುತ್ತಿಗೆ ದರ ಕೇಳುವುದು ಜಾಣತನ ಎಂದು ನಾವು ತಿಳಿದಿರುತ್ತೇವೆ. ಆದರೆ ಬಣ್ಣ ಕೆರೆಯುವ ತನಕ ತುಕ್ಕು ಎಷ್ಟಿದೆಯೆಂದು ಯಾರಿಗೂ ಗೊತ್ತಿಲ್ಲ. ಕಡಿಮೆ ದರಕ್ಕೆ ಒಪ್ಪಿಕೊಂಡವರು ನಷ್ಟವನ್ನು ಕಾಣದ ಜಾಗದಲ್ಲಿ ತುಂಬಿಕೊಳ್ಳುತ್ತಾರೆ. ಹಂತಹಂತವಾಗಿ ಹೋಗುವುದು ಒಳ್ಳೆಯದು. ಮೊದಲು ಬಿಚ್ಚಿ ನೋಡುವುದಕ್ಕಷ್ಟೇ ದುಡ್ಡು. ಕಂಡದ್ದರ ಫೋಟೊ ಮತ್ತು ಅಂದಾಜು ಕೈಗೆ ಬಂದ ಮೇಲೆ ಮುಂದಿನ ಹಂತ. ತಿಂಗಳಿಗೊಮ್ಮೆ ಗಂಟೆಗಳ ಲೆಕ್ಕ ಬರೆದ ಬಿಲ್ಲು. ದೊಡ್ಡ ಮುಂಗಡ ಬೇಡ.

ಮಿಷಿಗನ್ ರಾಜ್ಯದಲ್ಲಿ 1974ರ ಕಾಯ್ದೆಯ ಪ್ರಕಾರ ರಿಪೇರಿ ಮಾಡುವವರು ನೋಂದಣಿ ಮಾಡಿಸಿರಬೇಕು, ಅಂದಾಜನ್ನು ಬರವಣಿಗೆಯಲ್ಲಿ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಂತೂ ಇದಕ್ಕೆಂದೇ ಸರ್ಕಾರಿ ಇಲಾಖೆಯಿದೆ. ಇನ್ನೊಂದು ಮಗ್ಗುಲೂ ಇದೆ: ಬಿಲ್ಲು ಕಟ್ಟದಿದ್ದರೆ ಕಾರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಗ್ಯಾರೇಜಿನವರಿಗೆ ಕಾನೂನಿನಲ್ಲೇ ಇದೆ. ಜಗಳವಾದರೆ ಕಾರು ಅವರ ಅಂಗಳದಲ್ಲಿ, ಮಾಲೀಕ ವಕೀಲರ ಬಾಗಿಲಲ್ಲಿ. ಕಾರು ಅಲ್ಲಿರುವಷ್ಟು ದಿನ ಬೆಂಕಿ, ಕಳ್ಳತನಕ್ಕೆ ಯಾರ ವಿಮೆ ಎಂಬುದನ್ನೂ ಕಾಗದದಲ್ಲಿ ಕಾಣಿಸಿರಬೇಕು.

ಜಗ್ಗು ನನ್ನ ಕೈಗೆ

ಯಜಮಾನರು ನನ್ನ ಕಾರಿನ ಹೊಸ ಕೆಂಪು ಬಣ್ಣವನ್ನು ಮುಂಭಾಗದಲ್ಲಿ ಕೆರೆದೇ ಬಿಟ್ಟರು. ವಾರಕ್ಕೊಮ್ಮೆ ಫೋನಿಗೆ ಚಿತ್ರ ಬರುತ್ತಿತ್ತು: ಕೊಳೆತ ಕೌಲ್, ಅದರೊಳಗೆ ಸಿಕ್ಕ ಎರಡು ಹಿಡಿ ಕಪ್ಪುಗೊಬ್ಬರ, ಕತ್ತರಿಸಿದ ಅಂಚು, ಹೊಸ ತಗಡು. ಒಂದು ಗುರುವಾರ ಫೋನ್ ಮಾಡಿದರು. ‘ನಾಳೆ ಮೇಲಿನ ತಗಡು ಮುಚ್ಚುತ್ತೇವೆ. ನೋಡುವುದಿದ್ದರೆ ಇವತ್ತೇ ಬನ್ನಿ.’

ಹೋದೆ. ತೊಟ್ಟಿಯೊಳಗೆ ಬೂದು ಪ್ರೈಮರ್, ಪ್ರತಿ ಸೇರುವೆಗೂ ನೇರವಾಗಿ ಎಳೆದ ಸೀಲರ್, ಅದರ ಮೇಲೆ ಎರಡು ಕೋಟು ಬಣ್ಣ. ಮರುದಿನ ಮುಚ್ಚಿದ ಮೇಲೆ ಇನ್ನು ಐವತ್ತು ವರ್ಷ ಯಾರ ಕಣ್ಣಿಗೂ ಬೀಳದ ಜಾಗ. ಬೆರಳಾಡಿಸಿದೆ, ಎಲ್ಲೂ ತರಕಲಿಲ್ಲ.

ಮುಂದಿನ ವಾರ, ಹೊರಗಿನ ಬಣ್ಣಕ್ಕೆ ಮೊದಲು, ಮತ್ತೆ ಕರೆದರು. ಒಳಗೆ ಪತ್ರಿಕೆ ಹಾಸಿತ್ತು. ಈ ಸಲ ಜಗ್ಗನ್ನು ನನ್ನ ಕೈಗೆ ಕೊಟ್ಟರು. ಸುರಿದೆ. ನೀರು ಎರಡೂ ಮುಂದಿನ ಚಕ್ರಗಳ ಹಿಂದಿನಿಂದ ಗ್ಯಾರೇಜಿನ ಸಿಮೆಂಟ್ ನೆಲಕ್ಕೆ ಇಳಿದು, ಚರಂಡಿಯ ಕಡೆ ಹರಿಯಿತು. ಇನ್ನೊಂದು ಜಗ್ಗು ಸುರಿಯಲು ಹೇಳಿದರು. ಆಮೇಲೆ ಬಾಗಿಲು ತೆಗೆದು, ಬಗ್ಗಿ, ಪತ್ರಿಕೆಯನ್ನು ಅಂಗೈಯಲ್ಲಿ ಸವರಿ ನೋಡಿದರು. ಗರಿಗರಿಯಾಗಿತ್ತು. ಅದನ್ನು ಪದಬಂಧದ ಪುಟ ಮೇಲೆ ಬರುವಂತೆ ಮಡಿಸಿ, ಜೇಬಿನಿಂದ ಪೆನ್ನು ತೆಗೆದುಕೊಂಡು ಚಹಾಕ್ಕೆ ಹೋದರು.